ಸಹಿ ನಮ್ದು ಅಂದ್ಮೇಲೆ ಹೊಣೇನೂ ನಮ್ದೇ

ನಮ್ಮ ಅಮ್ಮಂದಿರ ಕಾಲದಲ್ಲಿ ಹೆಣ್ಮಕ್ಳ ಸಹಿ ಯಾರಿಗೂ ಬೇಕಾಗ್ತಿರ್ಲಿಲ್ಲ. ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ, ಸೊಸೈಟಿ ಸಾಲಕ್ಕೆ ಅಪ್ಪನ ಸಹಿ, ಕೊಬ್ಬರಿ ಮಾರಿದ ದುಡ್ಡು ತಗೊಳ್ಳೋಕೂ ಅಪ್ಪನೇ. ಅಮ್ಮಂದು ಅಂತ ಇದ್ದಿದ್ದು ಎಲ್ಲೋ ಒಂದು ಹೆಬ್ಬೆಟ್ಟು. ಈಗ ಹಂಗಲ್ಲ ಕಣ್ರೀ. ಸಂಘದ ಪುಸ್ತಕಕ್ಕೆ ನಮ್ಮ ಸಹಿ, ಬ್ಯಾಂಕಿನ ಫಾರಂಗೆ ನಮ್ಮ ಸಹಿ, ಮಗಳ ಹಾಸ್ಟೆಲ್ ಅರ್ಜಿಗೆ ನಮ್ಮ ಸಹಿ, ಕೊನೆಗೆ ತವರಿನ ಜಮೀನಿನ ಕಾಗದಕ್ಕೂ ನಮ್ಮ ಸಹಿ. "ಇಲ್ಲೊಂದು ಹಾಕಮ್ಮ, ಇಲ್ಲೊಂದು, ಹಾಳೆ ತಿರುಗ್ಸಿ ಹಿಂದ್ಗಡೆ ಒಂದು" ಅಂತ ಬೆರಳಲ್ಲಿ ಜಾಗ ತೋರಿಸ್ತಾ ಹೋಗ್ತಾರೆ. ನಾವೂ ಹೋಳಿಗೆ ತಟ್ಟಿದಂಗೆ ಒಂದರ ಹಿಂದೆ ಒಂದು ಹಾಕ್ಕಂಡು ಹೋಗ್ತೀವಿ.

ಸ್ವಾತಂತ್ರ್ಯ, ಧೈರ್ಯ, ಜವಾಬ್ದಾರಿ ಅಂತ ಭಾಷಣದಲ್ಲಿ ದೊಡ್ಡ ದೊಡ್ಡದಾಗಿ ಹೇಳ್ತಾರಲ್ಲ, ನಮ್ಮಂಥ ಮನೇಲಿರೋರಿಗೆ ಆ ಮೂರೂ ಒಟ್ಟಿಗೆ ಸಿಗೋ ಜಾಗ ಒಂದೇ, ಅದು ಪೆನ್ನಿನ ತುದಿ. ಸಹಿ ಹಾಕೋ ಹಕ್ಕಿರೋದು ಸ್ವಾತಂತ್ರ್ಯ. "ತಡೀರಿ, ಓದ್ತೀನಿ" ಅನ್ನೋದು ಧೈರ್ಯ. ಹಾಕಿದ್ಮೇಲೆ "ಅದು ನನ್ನ ಸಹಿ" ಅಂತ ಒಪ್ಕೊಳ್ಳೋದು ಜವಾಬ್ದಾರಿ. ಈ ಮೂರರಲ್ಲಿ ಒಂದು ತಪ್ಪಿದ್ರೂ ಉಳಿದೆರಡು ನಿಲ್ಲಲ್ಲ ಅನ್ನೋದು ನನ್ನ ಅನಿಸಿಕೆ. ಅದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳ್ತೀನಿ, ಕೂತ್ಕೊಂಡು ಓದಿ.

ಮೊದ್ಲು ಸ್ವಾತಂತ್ರ್ಯದ ಮಾತು. ಅದು ಸಿಕ್ಕಿಲ್ಲ ಅನ್ನೋಕಾಗಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಜಾವಗಲ್ಲಿಂದ ಅರಸೀಕೆರೆಗೋ ಹಳೇಬೀಡಿಗೋ ಹಾಸನಕ್ಕೋ ಹೋಗ್ಬೇಕು ಅಂದ್ರೆ ಯಾರ ಹತ್ರಾನೂ ಕೈ ಚಾಚ್ಬೇಕಾಗಿಲ್ಲ. ಅದೇ ವರ್ಷ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರುವಾದ ಗೃಹಲಕ್ಷ್ಮಿಯಿಂದ ಮನೆ ಯಜಮಾನಿ ಹೆಸರಿಗೆ ತಿಂಗಳಿಗೆ 2000 ರೂಪಾಯಿ ಅಂತ ಆಯ್ತು. ಇವೆಲ್ಲ ಕಣ್ಣಿಗೆ ಕಾಣೋ ಸ್ವಾತಂತ್ರ್ಯ. ಕಣ್ಣಿಗೆ ಕಾಣದೇ ಇರೋದು ಇನ್ನೊಂದೈತೆ. ಅದು ಇವೆರಡಕ್ಕಿಂತ ಹಳೇದು, ಇವೆರಡಕ್ಕಿಂತ ದೊಡ್ಡದು. ತವರಿನ ಆಸ್ತಿಲಿ ನಮ್ಮ ಪಾಲು.

ಇದರ ಲೆಕ್ಕ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಬಾಯಿಂದ ಬಾಯಿಗೆ ಬರೋವಾಗ ಎಷ್ಟೋ ಬದಲಾಗಿರ್ತದೆ. ನಮ್ಮ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕಾನೂನು ಬಂತು. ಆದ್ರೆ ಆ ದಿನಕ್ಕೆ ಮುಂಚೆ ಮದುವೆಯಾಗಿದ್ದೋರನ್ನ ಹೊರಗಿಟ್ಟಿದ್ರು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೇ ಅನ್ವಯ ಆಗೋ ತಿದ್ದುಪಡಿ ಬಂತು, ಮದುವೆಯಾದೋರು ಆಗದೇ ಇರೋರು ಅನ್ನೋ ಭೇದ ಹೋಯ್ತು. "ಅಪ್ಪ 2005ಕ್ಕೆ ಮುಂಚೆ ತೀರ್ಕೊಂಡಿದ್ರೆ ಸಿಗಲ್ಲ" ಅಂತ ಒಂದು ಮಾತು ಓಡಾಡ್ತಿತ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಲ್ಲಿ ಅದನ್ನೂ ತೆಗೆದಾಕ್ತು. ಹುಟ್ಟಿನಿಂದಲೇ ಬರೋ ಹಕ್ಕು ಇದು, ಅಪ್ಪ ಆ ದಿನ ಬದುಕಿರಬೇಕು ಅಂತಿಲ್ಲ ಅಂತು. ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಅಥವಾ ಕೋರ್ಟ್ ಮೂಲಕ ಭಾಗ ಆಗೋಗಿದ್ರೆ ಅದನ್ನ ಈಗ ಕೆದಕೋಕೆ ಬರಲ್ಲ. ಇನ್ನು ಅಪ್ಪ ಸ್ವಂತ ದುಡಿದು ತಗೊಂಡಿದ್ದಾದ್ರೆ ವಿಲ್ ಬರೆದು ಯಾರಿಗೆ ಬೇಕಾದ್ರೂ ಕೊಡಬಹುದು. ವಿಲ್ ಬರೀದೆ ಹೋದ್ರೆ ಅದ್ರಲ್ಲೂ ಮಗಳಿಗೆ ಪಾಲುಂಟು. ನಮ್ಮೂರಿನ ಮುಸ್ಲಿಂ ಅಕ್ಕಂದಿರಿಗೆ ಇದು ಬೇರೆ ಲೆಕ್ಕ, ಅವ್ರ ಕಾನೂನಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಅಂತ ಮೊದಲಿಂದಲೇ ಐತೆ.

ಇಷ್ಟೆಲ್ಲ ಇದ್ರೂ ನಮ್ಮ ಕಡೆ ಎಷ್ಟು ಜನ ಹೆಣ್ಮಕ್ಳ ಹೆಸರು ಪಹಣಿಲಿ ಕಾಣ್ತದೆ ಅಂತ ನಿಮ್ಮ ನಿಮ್ಮ ಕೇರಿಲೇ ಲೆಕ್ಕ ಹಾಕಿ ನೋಡಿ. ಹಕ್ಕು ಎಲ್ಲಿಗೆ ಹೋಯ್ತು? ಯಾರೂ ಕಿತ್ಕೊಂಡು ಹೋಗ್ಲಿಲ್ಲ. ನಾವೇ ಸಹಿ ಹಾಕಿ ಕೊಟ್ವಿ.

ಅದು ಹೆಂಗಾಗ್ತದೆ ಅಂತ ನಿಮಗೂ ಗೊತ್ತು. ಅಪ್ಪ ತೀರ್ಕೊಂಡು ವರ್ಷದ ತಿಥಿ ಮುಗಿದಿರ್ತದೆ. ಪೌತಿ ಖಾತೆ ಮಾಡಿಸ್ಬೇಕು, ವಂಶವೃಕ್ಷ ಬೇಕು ಅಂತ ನಾಡಕಚೇರಿಗೆ ಓಡಾಟ ಶುರುವಾಗ್ತದೆ. ಒಂದಿನ ತಮ್ಮ ಫೋನ್ ಮಾಡ್ತಾನೆ. "ಅಕ್ಕ, ನಾಳೆ ಅರಸೀಕೆರೆಗೆ ಬಂದ್ಬುಡು, ಕಾರ್ ಕಳಿಸ್ತೀನಿ. ಏನಿಲ್ಲ, ಸುಮ್ನೆ ಖಾತೆ ಬದಲಾವಣೆಗೆ ಒಂದು ಸಹಿ." ಅಕ್ಕ ಒಳ್ಳೆ ಸೀರೆ ಉಟ್ಕೊಂಡು, ತಮ್ಮನ ಮಕ್ಕಳಿಗೆ ಕೋಡುಬಳೆ ಕಟ್ಕೊಂಡು ಹೋಗ್ತಾಳೆ. ಅಲ್ಲಿ ಟೈಪಾಗಿ ರೆಡಿ ಇರ್ತದೆ ಹಕ್ಕು ಬಿಡುಗಡೆ ಪತ್ರ. ಒಳಗೆ ಇಂತಿಷ್ಟು ದುಡ್ಡು ಮುಟ್ಟಿದೆ ಅಂತಾನೂ ಬರೆದಿರ್ತದೆ. ಓದೋಕೆ ಟೈಮಿಲ್ಲ, ಸರದಿ ಬಂದ್ಬುಟ್ಟಿರ್ತದೆ. ಹೊರಗೆ ಬಂದ್ಮೇಲೆ ಹೋಟ್ಲಲ್ಲಿ ಊಟ, ಒಂದು ಸೀರೆ, ಅರಿಶಿಣ ಕುಂಕುಮ. ಮುಗೀತು.

ತಮ್ಮಂದಿರೆಲ್ಲ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಎಷ್ಟೋ ಕಡೆ ಅವನಿಗೂ ಪೂರ್ತಿ ಗೊತ್ತಿರಲ್ಲ, ಪತ್ರ ಬರೆಯೋರು ಹೇಳ್ದಂಗೆ ಮಾಡಿರ್ತಾನೆ. ಆದ್ರೆ ಖಾತೆ ಬದಲಾವಣೆ ಬೇರೆ, ಹಕ್ಕು ಬಿಡೋದು ಬೇರೆ. ಖಾತೆ ಅನ್ನೋದು ಕಂದಾಯದ ಲೆಕ್ಕಕ್ಕೆ ಇರೋದು, ಒಬ್ಬರ ಹೆಸರಿಗೆ ಖಾತೆ ಆದ ಮಾತ್ರಕ್ಕೆ ಇನ್ನೊಬ್ಬರ ಹಕ್ಕು ಹೋಗಲ್ಲ. ರಿಜಿಸ್ಟರ್ ಮಾಡಿಸಿದ ಬಿಡುಗಡೆ ಪತ್ರದಲ್ಲಿ ಹೋಗ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ರೆ ಅರ್ಧ ಕಣ್ಣು ತೆರೆದಂಗೆ.

ಇನ್ನು ಧೈರ್ಯಕ್ಕೆ ಬರ್ತೀನಿ. ಧೈರ್ಯ ಅಂದ್ರೆ ಕಚೇರಿ ಮುಂದೆ ನಿಂತು ಕೂಗಾಡೋದಲ್ಲ. ಪತ್ರದ ಒಂದು ಪ್ರತೀನ ಮೂರು ದಿನ ಮುಂಚೆ ಕೇಳೋದು ಧೈರ್ಯ. "ತಮ್ಮಾ, ಬರ್ತೀನಿ, ಆದ್ರೆ ಮೊದ್ಲು ವಾಟ್ಸಾಪಲ್ಲಿ ಕಳ್ಸು, ಅಳಿಯನ ಹತ್ರ ಓದಿಸ್ತೀನಿ" ಅನ್ನೋ ಒಂದು ಮಾತು. ಅದ್ರಲ್ಲಿ ಸರ್ವೆ ನಂಬರ್ ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, "ಹಕ್ಕು ಬಿಟ್ಟುಕೊಟ್ಟಿರುತ್ತೇನೆ" ಅಂತ ಐತಾ, ದುಡ್ಡು ಮುಟ್ಟಿದೆ ಅಂತ ಐತಾ, ಮುಟ್ಟಿದ್ದು ನಿಜವಾ, ಇಷ್ಟು ನೋಡಿದ್ರೆ ಸಾಕು. ಈ ಪತ್ರ ಬರ್ಕೊಟ್ಟಿದ್ದು ನೀವೇನಾ ಅಂತ ಉಪ ನೋಂದಣಿ ಕಚೇರಿಲಿ ವಿಚಾರಿಸಬೇಕು ಅನ್ನೋದು ಕಾನೂನಲ್ಲೇ ಐತೆ. ಆ ಒಂದು ನಿಮಿಷ ನಿಮ್ದು. ತಲೆ ಆಡ್ಸೋಕೆ ಮುಂಚೆ ಬಾಯಿ ಬಿಡಬಹುದು.

ಹೇಳೋಕೆ ಸುಲಭ, ಆದ್ರೆ ಬಾಯಿ ಯಾಕೆ ಬರಲ್ಲ ಅಂತ ನನಗೆ ಗೊತ್ತು. ಗಂಟಲಲ್ಲಿ ಸಿಕ್ಕಾಕ್ಕೊಳ್ಳೋದು ಆಸ್ತಿಯ ಆಸೆಯಲ್ಲ, ಗೌರಿ ಹಬ್ಬದ ಬಾಗಿನ. ಕೇಳಿದ್ರೆ ಬಾಗಿನ ಬರೋದು ನಿಂತೋಗ್ತದೆ, ಮಡ್ಲಕ್ಕಿ ಕಟ್ಟೋರು ಇರಲ್ಲ, ಮಗಳ ಮದುವೆಗೆ ಸೋದರಮಾವ ಬರಲ್ಲ ಅನ್ನೋ ಭಯ. ಈ ಭಯಾನ ನಾನು ಹಗುರ ಮಾಡಲ್ಲ. ಎರಡು ಎಕರೆ ತೆಂಗಿನ ತೋಟಕ್ಕಿಂತ ಹೋಗಿ ಬರೋ ಬಾಗಿಲು ದೊಡ್ಡದು ಅಂತ ಒಬ್ಬ ಹೆಣ್ಮಗಳು ತೀರ್ಮಾನ ಮಾಡಿದ್ರೆ ಅದು ಅವಳ ಲೆಕ್ಕ, ಯಾರೂ ಅವಳನ್ನ ಪೆದ್ದಿ ಅನ್ನಬಾರದು. ಆದ್ರೆ ಲೆಕ್ಕ ಹಾಕಿ ಬಿಟ್ಟುಕೊಡೋದು ಬೇರೆ, ಲೆಕ್ಕಾನೇ ತೋರಿಸದೆ ಬಿಡಿಸ್ಕೊಳ್ಳೋದು ಬೇರೆ. ಏನು ಕೊಡ್ತಿದೀನಿ ಅಂತ ಗೊತ್ತಿದ್ದು ಕೊಟ್ರೆ ಮಾತ್ರ ಅದು ದಾನ. ಇಲ್ದೆ ಹೋದ್ರೆ ಕಳ್ಕೊಂಡಿದ್ದು ಅಷ್ಟೇ.

ಧೈರ್ಯದ ಇನ್ನೊಂದು ಕಷ್ಟ ಏನಂದ್ರೆ, ಮಾತಾಡಿದ ಮಾರನೇ ದಿನಾನೂ ಅದೇ ಊರಲ್ಲಿ, ಅದೇ ಜನರ ಮಧ್ಯೆ ಬಾಳಬೇಕು. ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರೂ ಫೋಟೋ ಹಂಚ್ಕೊಂಡ್ವಿ. ಆದ್ರೆ ಅದೇ ಹೆಂಗಸು 2000ನೇ ಇಸವಿಲಿ ಮುಸ್ಲಿಂ ಹೆಣ್ಮಕ್ಳು ಮಸೀದಿಗೆ ಹೋಗೋ ಹಕ್ಕಿನ ಪರ ಮಾತಾಡಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದ್ರು. ಆಮೇಲೂ ಹಾಸನ ಬಿಟ್ಟು ಹೋಗ್ಲಿಲ್ಲ, ವಕೀಲಿ ಬಿಡ್ಲಿಲ್ಲ, ಬರೆಯೋದೂ ಬಿಡ್ಲಿಲ್ಲ. ಪ್ರಶಸ್ತಿ ಬಂದ ದಿನದ ಧೈರ್ಯ ಎಲ್ಲರಿಗೂ ಕಾಣ್ತದೆ. ಯಾರೂ ಮಾತಾಡ್ಸದೇ ಇದ್ದ ದಿನ ಅಂಗಡಿಗೆ ಹೋಗಿ ಸಾಮಾನು ತಂದ ಧೈರ್ಯ ಯಾರಿಗೂ ಕಾಣಲ್ಲ. ನಮಗೆ ಬೇಕಾಗಿರೋದು ಆ ಎರಡನೇ ಥರದ್ದು.

ಈಗ ಜವಾಬ್ದಾರಿ. ಇಲ್ಲಿ ನನ್ನ ಮಾತು ಕೆಲವರಿಗೆ ಕಹಿ ಆಗಬಹುದು, ಬೈಕೊಂಡ್ರೂ ಪರವಾಗಿಲ್ಲ.

ಮೊದಲನೇದು. ಪಾಲು ತಗೊಂಡೋರು ಹೊಣೇನೂ ತಗೋಬೇಕು. ಇದು ನನ್ನ ಉಪದೇಶ ಅಲ್ಲ, 2005ರ ಆ ಕಾನೂನಲ್ಲೇ ಮಗಳಿಗೆ ಮಗನಷ್ಟೇ ಹಕ್ಕು ಅಂದ ಜಾಗದಲ್ಲೇ ಆಸ್ತಿಗೆ ಸಂಬಂಧಪಟ್ಟ ಹೊಣೇನೂ ಮಗನಷ್ಟೇ ಅಂತ ಬರೆದೈತೆ. 2007ರಲ್ಲಿ ಬಂದ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾನೂನಲ್ಲೂ ಅಪ್ಪ ಅಮ್ಮನ್ನ ನೋಡ್ಕೊಳ್ಳೋ ಕರ್ತವ್ಯ ಮಗನಿಗೆ ಮಾತ್ರ ಅಂತಿಲ್ಲ, ಮಗಳಿಗೂ ಐತೆ. ಪಾಲು ಕೇಳೋವಾಗ 2005ರ ಕಾನೂನು, ಅಮ್ಮನ ಮಂಡಿ ಆಪರೇಷನ್ ಬಂದಾಗ "ನಾನು ಕೊಟ್ಟ ಮನೆಯೋಳು" ಅನ್ನೋ ಹಳೇ ಕಾಲದ ಮಾತು, ಎರಡನ್ನೂ ಒಂದೇ ಸೆರಗಲ್ಲಿ ಕಟ್ಕೊಳ್ಳೋಕೆ ಆಗಲ್ಲ. ಹಂಗೇ ಬರಗಾಲದಲ್ಲಿ ತೆಂಗು ಒಣಗಿದಾಗ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿದ್ದು ತಮ್ಮ, ಬೋರ್‌ವೆಲ್ ಸಾಲ ತಲೆ ಮೇಲೆ ಹೊತ್ಕೊಂಡಿದ್ದು ತಮ್ಮ, ಅಪ್ಪ ಹಾಸಿಗೆ ಹಿಡಿದಾಗ ನೋಡ್ಕೊಂಡಿದ್ದು ತಮ್ಮನ ಹೆಂಡ್ತಿ ಅಂದ್ರೆ, ಅದೂ ಲೆಕ್ಕಕ್ಕೆ ಬರಬೇಕು. ಹಕ್ಕು ಸಮ ಅಂದ್ಮೇಲೆ ಲೆಕ್ಕಾನೂ ಸಮವಾಗಿ ಹಾಕೋ ಮನಸ್ಸು ಬೇಕು.

ಎರಡನೇದು. ತಿಳಿದೂ ಬಿಟ್ಟುಕೊಟ್ಟೋರು ಅದನ್ನ ತಮ್ಮ ಸಹಿ ಅಂತ ಒಪ್ಕೋಬೇಕು. ಇಪ್ಪತ್ತು ವರ್ಷ ಆದ್ಮೇಲೆ ತೋಟಕ್ಕೆ ಬೆಲೆ ಬಂದಾಗ "ಬರೆಸ್ಕೊಂಡ್ಬುಟ್ರು" ಅಂತ ಊರೆಲ್ಲ ಹೇಳ್ಕೊಂಡು ತಿರುಗೋದು ತಮ್ಮನಿಗೂ ಅನ್ಯಾಯ, ನಮಗೂ ಅವಮಾನ. ನಿಜವಾಗಿ ಮೋಸ ಆಗಿದ್ರೆ ಅದು ಬೇರೆ ಮಾತು. ಮೋಸದಿಂದ ಬರೆಸ್ಕೊಂಡ ಪತ್ರಾನ ರದ್ದು ಮಾಡಿಸೋಕೆ ಕೋರ್ಟಿಗೆ ಹೋಗಬಹುದು, ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಅವಕಾಶ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಐತೆ. ತಾಲ್ಲೂಕು ಕೋರ್ಟಲ್ಲೇ ಅದರ ಸಮಿತಿ ಇರ್ತದೆ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ದಾರಿ ಇದ್ದೂ ನಡೀದೆ ಗೊಣಗೋದಿದ್ಯಲ್ಲ, ಅದು ಸ್ವಾತಂತ್ರ್ಯಾನ ಕೈಲಿ ಹಿಡ್ಕೊಂಡು ಕುರುಡರಾದಂಗೆ.

ಮೂರನೇದು ನಮ್ಮ ಸಂಘಗಳ ಕಥೆ. 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದ್ಮೇಲೆ ನಮ್ಮ ಕಡೆ ಹೆಂಗಸರ ಕೈಲಿ ದುಡ್ಡು ಓಡಾಡೋಕೆ ಶುರುವಾಯ್ತು, ಅದರ ಒಳ್ಳೇದು ನಾವೆಲ್ಲ ಉಂಡಿದೀವಿ. ಆಮೇಲೆ ಮೈಕ್ರೋ ಫೈನಾನ್ಸ್‌ನೋರು ಬಂದ್ರು. ಅಲ್ಲಿ ಗುಂಪು ಸಾಲ ಅಂದ್ರೆ ಒಬ್ಬಳು ಕಟ್ಟದೆ ಹೋದ್ರೆ ಉಳಿದೋರು ಕಟ್ಟಬೇಕು. ಪಕ್ಕದ ಮನೆಯೋಳು ಬಂದು "ನೀನೊಂದು ಸಹಿ ಹಾಕ್ಬುಡಕ್ಕ, ನಾನೇ ಕಟ್ತೀನಿ" ಅಂದಾಗ ಇಲ್ಲ ಅನ್ನೋಕೆ ತಮ್ಮನಿಗೆ ಇಲ್ಲ ಅನ್ನೋದಕ್ಕಿಂತ ಹೆಚ್ಚು ಧೈರ್ಯ ಬೇಕು. ದಿನ ಬೆಳಗಾದ್ರೆ ನಲ್ಲಿ ಹತ್ರ ಮುಖ ನೋಡ್ಬೇಕಲ್ಲ. ಆದ್ರೂ ಹೇಳ್ಬೇಕು. ಅವಳು ಆ ದುಡ್ಡನ್ನ ಯಾವುದಕ್ಕೆ ತಗೊಂತಾ ಇದಾಳೆ, ಈಗಾಗಲೇ ಎಷ್ಟು ಕಡೆ ಸಾಲ ಐತೆ ಅಂತ ಕೇಳೋ ಹಕ್ಕು ಸಹಿ ಹಾಕೋರಿಗೆ ಐತೆ. ಕೇಳಿದ್ರೆ ಬೇಜಾರು ಮಾಡ್ಕೊಳ್ಳೋಳಿಗೆ ಸಹಿ ಹಾಕದೇ ಇರೋದೇ ವಾಸಿ.

ವಸೂಲಿಗೆ ಬಂದೋರ ಕಾಟಕ್ಕೆ ಜನ ಊರು ಬಿಟ್ಟಿದ್ದು, ಜೀವ ಕಳ್ಕೊಂಡಿದ್ದು ಕೇಳಿ ಕೇಳಿ, 2025ರ ಫೆಬ್ರವರಿಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಹೆದರಿಸಿ, ಮನೆ ಮುಂದೆ ಕೂತು, ಅವಮಾನ ಮಾಡಿ ವಸೂಲಿ ಮಾಡಿದ್ರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಆಯ್ತು. ಒಳ್ಳೇದೇ ಆಯ್ತು. ಆದ್ರೆ ಕೆಲವರು ಇದನ್ನ "ಇನ್ಮೇಲೆ ಕಟ್ಟಂಗಿಲ್ವಂತೆ" ಅಂತ ಹೇಳ್ಕೊಂಡು ತಿರುಗಿದ್ರು. ಹಂಗಲ್ಲ. ರಿಸರ್ವ್ ಬ್ಯಾಂಕಿನ ನೋಂದಣಿ ಇರೋ ಕಡೆ ಮಾಡಿದ ಸಾಲ ಸಾಲವೇ. ಅವನು ಬಾಯಿಗೆ ಬಂದಂಗೆ ಮಾತಾಡಂಗಿಲ್ಲ, ನಾವು ಕೊಡ್ದೆ ಇರಂಗಿಲ್ಲ. ಎರಡೂ ಒಟ್ಟಿಗೇ ನಿಜ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ನಮ್ಮಲ್ಲಿ ಒಂದು ಚಾಳಿ ಐತೆ. ತವರಲ್ಲಿ ನಾವು ಅಕ್ಕ, ಗಂಡನ ಮನೇಲಿ ನಾವು ಅತ್ತಿಗೆ. ಅಕ್ಕ ಆಗಿದ್ದಾಗ "ನನಗೂ ಪಾಲು ಐತಲ್ಲ" ಅಂತೀವಿ. ಅತ್ತಿಗೆ ಆದ ತಕ್ಷಣ "ನಾದಿನಿ ಸಹಿ ಹಾಕ್ಬುಟ್ರೆ ಸಾಕು, ಅವಳಿಗೆ ಮದುವೇಲಿ ಕೊಟ್ಟಿಲ್ವಾ" ಅಂತೀವಿ. ಒಂದೇ ಬಾಯಿ, ಒಂದೇ ವರ್ಷ, ಎರಡು ನ್ಯಾಯ. ಗಂಡಸರು ಬಿಡಲ್ಲ ಅಂತ ಅವರನ್ನ ದೂರೋದು ಸುಲಭ. ಆದ್ರೆ ಎಷ್ಟೋ ಮನೇಲಿ ರಾತ್ರಿ ಮಲಗೋವಾಗ "ನಿಮ್ಮಕ್ಕನ ಹತ್ರ ಬೇಗ ಬರೆಸ್ಕೊಂಡ್ಬುಡಿ" ಅಂತ ಕಿವಿಲಿ ಹೇಳಿದ್ದು ಯಾರು? ನಾದಿನಿಗೆ ಪತ್ರ ಓದೋಕೆ ಕೊಡಿ ಅಂತ ಅತ್ತಿಗೆ ಬಾಯಿಂದ ಒಂದು ಮಾತು ಬಂದ್ರೆ ಸಾಕು, ಊರಲ್ಲಿ ಅರ್ಧ ಜಗಳ ಹುಟ್ಟೋದೇ ಇಲ್ಲ. ಬೇರೆಯವಳ ಸಹಿಗೆ ಬೆಲೆ ಕೊಡದೋಳ ಸಹಿಗೆ ನಾಳೆ ಅವಳ ತವರಲ್ಲೂ ಬೆಲೆ ಸಿಗಲ್ಲ.

"ಹೆಣ್ಮಕ್ಳು ಪಾಲು ಕೇಳಿದ್ರೆ ಮನೆ ಒಡೀತದೆ" ಅಂತಾರೆ. ಮೂರು ಎಕರೆನ ನಾಲ್ಕು ಜನಕ್ಕೆ ತುಂಡು ಮಾಡಿದ್ರೆ ಯಾರಿಗೂ ರಾಗಿ ಬೆಳೆಯೋ ಹೊಲ ಉಳಿಯಲ್ಲ ಅನ್ನೋದೂ ಸುಳ್ಳಲ್ಲ. ಆದ್ರೆ ಪಾಲು ಅಂದ್ರೆ ಕಲ್ಲು ನೆಟ್ಟು ಬೇಲಿ ಹಾಕೋದೊಂದೇ ಅಲ್ಲ. ಜಂಟಿ ಹೆಸರಲ್ಲಿ ಇಟ್ಕೊಂಡು ತಮ್ಮನೇ ಉಳಲಿ, ಕಾಯಿ ದುಡ್ಡಲ್ಲಿ ಒಂದು ಭಾಗ ಬರಲಿ ಅಂತ ಮಾತಾಡ್ಕೊಳ್ಳಬಹುದು. ಜಮೀನು ಬ್ಯಾಡ, ಒಂದು ಸೈಟು ಸಾಕು ಅನ್ನಬಹುದು. ಕಂತಿನಲ್ಲಿ ದುಡ್ಡು ತಗೊಂಡು ಬರ್ಕೊಡಬಹುದು. "ಅಮ್ಮ ಇರೋವರೆಗೂ ಮನೆ ಅಮ್ಮನ ಹೆಸರಲ್ಲಿರಲಿ, ಆಮೇಲೆ ನೋಡಾಣ" ಅನ್ನಬಹುದು. ಇಷ್ಟು ದಾರಿ ಇರೋವಾಗ ಮಾತೇ ಆಡದೆ ಸಹಿ ತಗೊಂಡ್ರೆ ಮನೆ ಒಡೆಯಲ್ಲ ನಿಜ, ಒಳಗೊಳಗೇ ಗೆದ್ದಲು ಹಿಡೀತದೆ. ಕೊಬ್ಬರಿ ಅಟ್ಟದಲ್ಲಿ ಇಟ್ಟಾಗ ಕಾಯಿ ಹೊರಗಿಂದ ಚೆನ್ನಾಗೇ ಕಾಣ್ತದೆ, ಅಲ್ಲಾಡ್ಸಿ ನೋಡಿದ್ರೆ ತಾನೆ ಗೊತ್ತಾಗೋದು.

ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ದೂರದಿಂದ ಜನ ಬಂದು ಕೆತ್ತನೆ ನೋಡಿ ಹೋಗ್ತಾರೆ. ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನದ್ದು. ಹೊಯ್ಸಳ ಶಿಲ್ಪಿಗಳಿಗೆ ಒಂದು ಅಭ್ಯಾಸ ಇತ್ತು. ಮೂರ್ತಿ ಕೆತ್ತಿ ಅದರ ಕೆಳಗೆ ತಮ್ಮ ಹೆಸರು ಕೆತ್ತುತಿದ್ರು. ನಮ್ಮೂರಲ್ಲೂ ಕೆಲಸ ಮಾಡಿದ್ದಾನೆ ಅಂತ ಬಲ್ಲೋರು ಹೇಳೋ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಗೋಡೆ ಮೇಲೆ ಎಷ್ಟೋ ಮೂರ್ತಿಗಳ ಕೆಳಗೈತೆ. ಚೆನ್ನಾಗಿ ಬಂದ್ರೂ ನನ್ನದೇ, ಮೂಗು ಸೊಟ್ಟ ಆದ್ರೂ ನನ್ನದೇ ಅಂತ ಏಳುನೂರೈವತ್ತು ವರ್ಷದಿಂದ ಹೇಳ್ತಾ ನಿಂತವ್ನೆ ಪುಣ್ಯಾತ್ಮ. ಸಹಿ ಅಂದ್ರೆ ಅದು. ಕೆಲಸ ಪೂರ್ತಿ ಮಾಡಿ, ನೋಡಿ, ಆಮೇಲೆ ಹೆಸರು. ನಾವು ಏನೂ ನೋಡದೆ ಮೊದ್ಲೇ ಹೆಸರು ಬರೆದುಕೊಡ್ತೀವಿ.

ಹೆಣ್ಮಕ್ಳಿಗೆ ಸೀರೆ ಉಡೋಕೆ, ಮುದ್ದೆ ತಿರುವೋಕೆ ಕಲಿಸ್ದಂಗೆ ಪಹಣಿ ಓದೋಕೂ ಕಲಿಸಿ. ನಾಡಕಚೇರಿ ಊರಲ್ಲೇ ಐತೆ, ಒಂದು ಪ್ರತಿ ತಗೊಂಡು ಬನ್ನಿ. ಯಾವ ಕಾಲಂನಲ್ಲಿ ಯಾರ ಹೆಸರು, ಎಷ್ಟು ಗುಂಟೆ, ಸಾಲ ಎಷ್ಟು ಅಂತ ಊಟ ಆದ್ಮೇಲೆ ಮಗಳ ಜೊತೆ, ಸೊಸೆ ಜೊತೆ ಕೂತು ನೋಡಿ. ಸೊಸೆ ಜೊತೆ ಅಂದಿದ್ದು ಬೇಕು ಅಂತಲೇ. ಬಸ್ಸು ಪುಕ್ಕಟೆ ಐತೆ ಅಂತ ಧರ್ಮಸ್ಥಳ, ಶೃಂಗೇರಿ ಎಲ್ಲ ನೋಡಿ ಬಂದ್ವಿ, ಸಂತೋಷ. ಅದೇ ಬಸ್ಸು ಅರಸೀಕೆರೆ ಕೋರ್ಟಿನ ಹತ್ರಕ್ಕೂ ಹೋಗ್ತದೆ, ಬ್ಯಾಂಕಿಗೂ ಹೋಗ್ತದೆ, ಹುಷಾರಿಲ್ಲದ ಅಮ್ಮನ ಮನೆಗೂ ಹೋಗ್ತದೆ. ಎಲ್ಲಿ ಇಳೀಬೇಕು ಅನ್ನೋದು ನಮಗೆ ಬಿಟ್ಟಿದ್ದು.